ಹಳದಿ ಸುತ್ತು

ಅತ್ತಿಗೆಯ ಮೊದಲ ವ್ಯಾಪಾರ ಸುವಾಸನೆಯ ಮೇಣದಬತ್ತಿಯದು, ಅದು ಕರಗಿಹೋಯಿತು. ಎರಡನೆಯದು ಕಸೂತಿ ದಿಂಬಿನದು, ಅದು ಮಲಗಿತು. ಆಮೇಲೆ ಅವಳಿಗೆ ಆಫ್ರಿಕಾ ಹೊಳೆಯಿತು.

ಹೊಳೆದದ್ದು ಯಾರದೋ ಮನೆಯ ಪಾರ್ಟಿಯಲ್ಲಿ. ಅಲ್ಲಿಗೆ ಬಂದಿದ್ದ ಹೆಂಗಸೊಬ್ಬಳು ಕೊರಳಿನಿಂದ ಭುಜದವರೆಗೆ ಹರಡಿದ, ತಟ್ಟೆಯಂಥ ಮಣಿಪಟ್ಟಿ ಹಾಕಿಕೊಂಡಿದ್ದಳು. ನೆರೆದವರೆಲ್ಲ ಲೋಟ ಹಿಡಿದುಕೊಂಡು ಅವಳ ಸುತ್ತಲೇ ನಿಂತುಬಿಟ್ಟರು. ಅತ್ತಿಗೆಯ ಹೊಸ ಬಟ್ಟೆಯನ್ನು ಕೇಳುವವರೇ ಇರಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಅವಳು ಗಂಡನ ಭುಜ ಅಲುಗಾಡಿಸಿ, "ರೀ, ನಮ್ಮನೇಲೇ ಒಬ್ಬಳಿದಾಳಲ್ರೀ!" ಎಂದಳಂತೆ, ಅಟ್ಟದ ಮೇಲೆ ಮರೆತಿದ್ದ ಪಾತ್ರೆಯೊಂದು ನೆನಪಾದವರ ಹಾಗೆ.

ಆ 'ಒಬ್ಬಳು' ಅವಳ ನಾದಿನಿ. ಗಂಡನ ತಂಗಿ ಎಂದು ಅತ್ತಿಗೆ ಅವಳನ್ನು ಅಲ್ಲಿಯವರೆಗೆ ಯಾರಿಗೂ ಪರಿಚಯ ಮಾಡಿಕೊಟ್ಟಿರಲಿಲ್ಲ. ಬಂದವರು ಕೇಳಿದರೆ "ಬೇಕಾದವರು" ಎನ್ನುತ್ತಿದ್ದಳು. ಯಾರಿಗೆ ಬೇಕಾದವರು ಎಂದು ಯಾರೂ ಮುಂದೆ ಕೇಳುತ್ತಿರಲಿಲ್ಲ.

ಕಥೆ ಹಳೆಯದು. ಅಪ್ಪ ಬಂದರಿನ ಕ್ರೇನ್ ಮೆಕ್ಯಾನಿಕ್. ಆಫ್ರಿಕಾದ ಪಶ್ಚಿಮ ತೀರದ ಒಂದು ಬಂದರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಒಂದು ಬೆಳಿಗ್ಗೆ ಎರಡು ಪೆಟ್ಟಿಗೆ ಮತ್ತು ಒಂದು ಹೆಣ್ಣುಮಗುವಿನೊಂದಿಗೆ ಮನೆಗೆ ಬಂದ. ಮಗುವಿನ ತಾಯಿ ಜ್ವರದಲ್ಲಿ ತೀರಿಹೋದಳು ಎಂದಷ್ಟೇ ಹೇಳಿದ. ಮನೆಯಲ್ಲಿ ಅವನ ಹೆಂಡತಿ ಇದ್ದಳು, ಶಾಲೆಗೆ ಹೋಗುವ ಮಗ ಇದ್ದ. ಮಗು ಆ ಹೆಂಡತಿಯನ್ನು ದೊಡ್ಡಮ್ಮ ಎಂದು ಕರೆಯಬೇಕೆಂದು ತೀರ್ಮಾನವಾಯಿತು. ಮಗುವನ್ನು ಏನೆಂದು ಕರೆಯಬೇಕೆಂಬುದನ್ನು ಆ ಹುಡುಗ ತೀರ್ಮಾನಿಸಿದ. ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ "ಕರಿಮಣಿ" ಎಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವಳ ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ ಉಳಿಯಿತು. ಅಪ್ಪ ಮತ್ತೆ ಹಡಗು ಹತ್ತಿ ಹೋದ. ಕೊನೆಗೆ ಒಮ್ಮೆ ಕಾಯಿಲೆ ಹಿಡಿದು ಬಂದು, ತೀರಿಕೊಂಡ.

ಕರಿಮಣಿಗೆ ಆ ಹೆಸರಿನ ಬಗ್ಗೆ ಈಗ ಸಿಟ್ಟಿರಲಿಲ್ಲ. ಹೆಸರಿಟ್ಟವನ ಬಗ್ಗೆ ಇದ್ದದ್ದು ಸಿಟ್ಟಿಗಿಂತ ಕೆಳಗಿನದು. ಅವನು ಈಗ ಹೊಟ್ಟೆ ಬೆಳೆಸಿಕೊಂಡು, ಹೆಂಡತಿ ಹೇಳಿದ ಕಡೆ ಕಾರು ನಿಲ್ಲಿಸಿಕೊಂಡು, ಹೇಳದ ಕಡೆ ಬಾಯಿ ಮುಚ್ಚಿಕೊಂಡು ಬದುಕುತ್ತಿದ್ದ. ಸಿಟ್ಟು ಮಾಡಿಕೊಳ್ಳುವಷ್ಟು ಅವನು ಎಲ್ಲಿದ್ದ?

ಅವಳು ಒಂದು ಡೆಂಟಲ್ ಲ್ಯಾಬಿನಲ್ಲಿ ಹಲ್ಲು ಮಾಡುತ್ತಿದ್ದಳು. ದಿನವಿಡೀ ಬೇರೆಯವರ ಬಾಯಿಯ ಅಚ್ಚುಗಳ ಮುಂದೆ ಕೂತು, ಹಲ್ಲಿಗೊಂದು ಬಣ್ಣ ಹೊಂದಿಸುವುದು, ತೀಡುವುದು, ಸುಡುವುದು. ಎಲ್ಲರಿಗೂ ಬೆಳ್ಳಗಿನ ಹಲ್ಲೇ ಬೇಕು. ಅರವತ್ತು ದಾಟಿದವರೂ ಹಾಲುಹಲ್ಲಿನ ಬಣ್ಣ ಕೇಳುತ್ತಾರೆ. ಅವಳು ಮಾಡಿಕೊಡುತ್ತಿದ್ದಳು, ಒಳಗೊಳಗೇ ಉಗಿದುಕೊಂಡು. ಲ್ಯಾಬಿಗೆ ಹೊಸ ಕುಲುಮೆ ಬಂದಾಗ ಹಳೆಯದನ್ನು ಗುಜರಿಗೆ ಹಾಕುವವರಿದ್ದರು. ಇವಳು ಕೇಳಿಕೊಂಡು ಮನೆಗೆ ತಂದಳು.

ಮನೆಯೆಂದರೆ ಟೈರು ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಕುಲುಮೆಯ ಕಾವು. ಅಲ್ಲಿ ಅವಳು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಡೆದು, ಕಲ್ಲಿನಲ್ಲಿ ಜಜ್ಜಿ, ಸೋಸಿ, ಹಿಟ್ಟಿನಷ್ಟು ನುಣ್ಣಗಾದ ಗಾಜನ್ನು ಪುಟ್ಟ ಅಚ್ಚುಗಳಲ್ಲಿ ತುಂಬಿ ಸುಡುತ್ತಿದ್ದಳು. ನಡುವೆ ತೂತಿಗಾಗಿ ಒಂದು ಹಲ್ಲುಕಡ್ಡಿ ನೆಟ್ಟರೆ ಬೆಂಕಿಯಲ್ಲಿ ಅದು ಸುಟ್ಟುಹೋಗಿ ದಾರಿ ಬಿಡುತ್ತಿತ್ತು. ಹಸಿರಿಗೆ ಬಿಯರ್ ಬಾಟಲಿ, ನೀಲಿಗೆ ಔಷಧಿ ಬಾಟಲಿ. ಅವಳ ಅಮ್ಮ ಹುಟ್ಟಿದ ಕಡೆ ಹೀಗೆ ಗಾಜಿನ ಪುಡಿಯಿಂದ ಮಣಿ ಮಾಡುತ್ತಾರೆಂದು ಲೈಬ್ರರಿಯ ಒಂದು ದಪ್ಪ ಪುಸ್ತಕದಿಂದ ತಿಳಿದಿದ್ದಳು. ಉಳಿದದ್ದನ್ನು ವಿಡಿಯೋ ನೋಡಿ, ಕೈ ಸುಟ್ಟುಕೊಂಡು ಕಲಿತಿದ್ದಳು. ಅಮ್ಮ ಅವಳಿಗೆ ಏನನ್ನೂ ಕಲಿಸಿರಲಿಲ್ಲ. ಕಲಿಸುವಷ್ಟು ದಿನ ಬದುಕಿರಲಿಲ್ಲ. ಅಮ್ಮನಿಂದ ಬಂದದ್ದು ಒಂದೇ, ಸೊಂಟಕ್ಕೆ ಕಟ್ಟಿದ್ದ ಒಂದು ಎಳೆ ಮಣಿ. ಅದನ್ನೂ ದೊಡ್ಡಮ್ಮ ಒಂದು ದಿನ ಬಚ್ಚಲಲ್ಲಿ ಬೈಯುತ್ತಾ ಕತ್ತರಿಯಿಂದ ಕತ್ತರಿಸಿಹಾಕಿದ್ದಳು. ಒದ್ದೆ ನೆಲದ ಮೇಲೆ ಮಣಿಗಳು ಪುಟಿದು ಹರಿದದ್ದು, ತಾನು ಕಿರುಚಿಕೊಂಡು ಅವುಗಳ ಹಿಂದೆ ತೆವಳಿದ್ದು ಅವಳ ಮೊದಲ ನೆನಪು. ಸಿಕ್ಕಷ್ಟನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

ಅತ್ತಿಗೆ ಆ ಕೋಣೆಗೆ ಮೊದಲ ಸಲ ಬಂದಾಗ ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದಿದ್ದಳು, ಆಸ್ಪತ್ರೆಗೆ ಬಂದವರ ಹಾಗೆ.

"ಏನೇ ಮರಿ, ಇಷ್ಟೊಂದು ಪ್ರತಿಭೆ ಇಟ್ಕೊಂಡು ಇಲ್ಲಿ ಕೂತಿದೀಯಲ್ಲ!" ಎಂದಳು.

ಇಪ್ಪತ್ತು ವರ್ಷದಲ್ಲಿ ಎಂದೂ ಇಲ್ಲದ 'ಮರಿ' ಕೇಳಿ ಕರಿಮಣಿಗೆ ಮೈಯೆಲ್ಲ ಜಿಡ್ಡು ಮೆತ್ತಿದಂತಾಯಿತು. "ಕೂತ್ಕೊಳ್ಳಿ ಅತ್ತಿಗೆ. ಕುರ್ಚಿ ಮೇಲೆ ಗಾಜಿನ ಪುಡಿ ಇದೆ, ನೋಡ್ಕೊಂಡು" ಎಂದಳು.

ಅತ್ತಿಗೆ ನಿಂತೇ ಮಾತಾಡಿದಳು. ಅಂಗಡಿಗೆ ಹೊಸ ಹೆಸರು, ಹೊಸ ಬೋರ್ಡು. ಗೋಡೆಗೆಲ್ಲ ಮಣ್ಣಿನ ಬಣ್ಣ. ಒಂದು ಗ್ಯಾಲರಿಯವರು ಪ್ರದರ್ಶನಕ್ಕೆ ಜಾಗ ಕೊಡುತ್ತಾರೆ. ಆ ಗ್ಯಾಲರಿ ಮೇಡಂ ದೊಡ್ಡ ಮನುಷ್ಯಳು, ಅವಳು ಮೆಚ್ಚಿದರೆ ಊರೇ ಮೆಚ್ಚಿದ ಹಾಗೆ. ನಡುವೆ ಇಡುವುದಕ್ಕೆ ಒಂದು ದೊಡ್ಡ ಕೊರಳಪಟ್ಟಿ ಬೇಕು. ಫೋನಿನಲ್ಲಿ ಚಿತ್ರ ತೋರಿಸಿದಳು.

"ಇದು ಮಸಾಯಿ ಹೆಂಗಸರು ಮಾಡೋದು" ಎಂದಳು ಕರಿಮಣಿ. "ಪೂರ್ವದ ಕಡೆಯವರು. ನಮ್ಮಮ್ಮ ಪಶ್ಚಿಮದವಳು. ನಡುವೆ ಸಾವಿರಾರು ಮೈಲಿ ಇದೆ."

"ಎಲ್ಲಾ ಆಫ್ರಿಕಾನೇ ಅಲ್ವೇನೇ!"

ಅತ್ತಿಗೆ ಪರ್ಸಿನಿಂದ ಒಂದು ಕಾರ್ಡು ತೆಗೆದಳು. ಪ್ರತಿ ಸರದ ಜೊತೆಗೆ ಕೊಡಲು ಅಚ್ಚು ಹಾಕಿಸಿದ್ದಳು. 'ತಾಯಿಯಿಂದ ಮಗಳಿಗೆ, ತಲೆಮಾರುಗಳಿಂದ ಹರಿದುಬಂದ ಕಲೆ. ನಮ್ಮ ಕುಟುಂಬದ ರಕ್ತದಲ್ಲೇ ಆಫ್ರಿಕಾ ಇದೆ.'

"ಯಾರ ರಕ್ತದಲ್ಲಿ?"

"ಕುಟುಂಬದ್ದು ಅಂತ..."

"ಅಣ್ಣನ ರಕ್ತದಲ್ಲಿ ಸಕ್ಕರೆ ಬಿಟ್ಟು ಬೇರೇನೂ ಇಲ್ಲ, ಅತ್ತಿಗೆ."

ಅತ್ತಿಗೆ ನಕ್ಕಳು. ಅವಮಾನ ತಟ್ಟದ ಚರ್ಮ ಕೆಲವರಿಗೆ ಹುಟ್ಟಿನಿಂದ ಬರುತ್ತದೆ; ಅತ್ತಿಗೆ ಅದನ್ನು ವ್ಯಾಪಾರದಲ್ಲಿ ಬೆಳೆಸಿಕೊಂಡಿದ್ದಳು. "ನಿನ್ನ ಕಥೆ ನೀನೇ ಹೇಳ್ಕೋ. ಪಟ್ಟಿ ತುಂಬ ನಿನ್ನ ಜೀವನಾನೇ ಹಾಕು. ಮೇಡಂಗೆ ಅಂಥದ್ದು ಅಂದ್ರೆ ಪ್ರಾಣ" ಎಂದಳು.

ಕರಿಮಣಿ ಒಪ್ಪಿಕೊಂಡಳು. ಯಾಕೆ ಒಪ್ಪಿಕೊಂಡಳು ಎಂದು ಅವಳೇ ಆಮೇಲೆ ಹಲವು ಸಲ ಕೇಳಿಕೊಂಡಳು. ಅತ್ತಿಗೆಯನ್ನು ನಡುಬೀದಿಯಲ್ಲಿ ನಿಲ್ಲಿಸಲು ಸಿಕ್ಕ ಅವಕಾಶ ಎನ್ನುವುದು ಅರ್ಧ ಕಾರಣ. ಉಳಿದರ್ಧ ಅವಳಿಗೆ ಹೇಳಿಕೊಳ್ಳಲು ನಾಚಿಕೆ. ಆ ಕೋಣೆಯಲ್ಲಿ ಮಾಡಿದ್ದನ್ನು ಯಾರಾದರೂ ನೋಡಲಿ ಎಂದು ಅವಳಿಗೂ ಆಸೆಯಿತ್ತು.

ಪಟ್ಟಿಯ ಕೆಲಸ ಒಂದಿಡೀ ಬೇಸಗೆ ಹಿಡಿಯಿತು. ಒಂದೊಂದು ಸುತ್ತಿಗೂ ಅದರದೇ ತಂತಿ, ಎಲ್ಲವನ್ನೂ ಹಿಡಿದಿಡಲು ಅಡ್ಡಕ್ಕೆ ತೊಗಲಿನ ಪಟ್ಟಿಗಳು. ಕೊರಳಿಗೆ ಅಂಟಿದ ಮೊದಲ ಸುತ್ತು ಕೆಂಪು, ಅಮ್ಮನದು. ಅದರಾಚೆ ಬಿಳಿ, ಅಪ್ಪನದು. ಅದಕ್ಕೆ ಹಲ್ಲಿನ ಪಿಂಗಾಣಿಯನ್ನೇ ಬಳಸಿದಳು, ನಗುವುದೊಂದೇ ಅವನು ಮಾಡಿದ ಕೆಲಸ ಎಂದು. ಕಪ್ಪು ತನ್ನದು. ಕಂದು ಅಣ್ಣನದು. ನಡುವೆ ಎಲ್ಲಕ್ಕಿಂತ ಅಗಲವಾಗಿ, ಕಣ್ಣು ಕುಕ್ಕುವ ಹಳದಿ, ದೊಡ್ಡಮ್ಮನ ಕತ್ತರಿಯದು. ಆ ಹಳದಿ ಬಣ್ಣಕ್ಕಾಗಿ ಅವಳು ಬಹಳ ಕಷ್ಟಪಟ್ಟಳು. ಕುಲುಮೆಯಲ್ಲಿ ಎಷ್ಟೋ ಸಲ ಅದು ಕೆಸರಾಗಿ ಹೊರಬಂತು. ಕೊನೆಗೆ ಸರಿಯಾಗಿ ಬಂದ ದಿನ ಅವಳು ಮಣಿಗಳನ್ನು ಅಂಗೈಯಲ್ಲಿ ಹಿಡಿದು, ಹಲ್ಲು ಕಚ್ಚಿ, "ಈಗ ಹೇಳ್ತೀನಿ ನಿನಗೆ" ಎಂದಳು. ಎಲ್ಲಕ್ಕಿಂತ ಹೊರಗಿನ ಸುತ್ತು ಗುಲಾಬಿ. ಅದಕ್ಕೆ ಗಾಜನ್ನು ಹಾಳುಮಾಡಲಿಲ್ಲ. ಮಕ್ಕಳ ಆಟಿಕೆ ಅಂಗಡಿಯಿಂದ ಪ್ಲಾಸ್ಟಿಕ್ ಮಣಿ ತಂದಳು.

ಪ್ರದರ್ಶನದ ಸಂಜೆ ಗ್ಯಾಲರಿಯಲ್ಲಿ ಬೆಳಕಿಗಿಂತ ಸೆಂಟು ಹೆಚ್ಚಿತ್ತು. ಪಟ್ಟಿಯನ್ನು ಅತ್ತಿಗೆಯೇ ಹಾಕಿಕೊಂಡು ಓಡಾಡುತ್ತಿದ್ದಳು. ಕತ್ತು ತಿರುಗಿಸಲಾಗದೆ, ಯಾರಾದರೂ ಕರೆದರೆ ಇಡೀ ಮೈ ತಿರುಗಿಸುತ್ತಿದ್ದಳು. ಗ್ಯಾಲರಿ ಮೇಡಂ ಎತ್ತರದ, ತೆಳ್ಳಗಿನ ಹೆಂಗಸು. ಮಾತಾಡುವಾಗ ಕಣ್ಣು ಮುಚ್ಚುತ್ತಿದ್ದಳು. ಪ್ರತಿ ವಾಕ್ಯಕ್ಕೂ ಒಂದು 'ಬೇರು' ಬೇಕೇ ಬೇಕು. ಬೇರುಗಳ ಹುಡುಕಾಟ, ಬೇರುಗಳ ನೋವು, ಬೇರುಗಳ ಮೌನ. ಅವಳ ಬಾಯಿ ಅಗೆದಿದ್ದರೆ ಆ ದಿನ ಒಂದು ಮೂಟೆ ಗೆಡ್ಡೆ ಸಿಗುತ್ತಿತ್ತು ಎಂದುಕೊಂಡಳು ಕರಿಮಣಿ. ಮುಂದಿನ ಸಾಲಿನಲ್ಲಿ ಅಣ್ಣ ಹೊಟ್ಟೆಯ ಮೇಲೆ ಕೈ ಕಟ್ಟಿ ಕೂತಿದ್ದ. ಪಕ್ಕದಲ್ಲಿ ದೊಡ್ಡಮ್ಮ, ಊರುಗೋಲು ಹಿಡಿದು, ಯಾವುದನ್ನೂ ಮೆಚ್ಚದ ಮುಖ ಮಾಡಿಕೊಂಡು.

ಮೇಡಂ ಕಣ್ಣು ಮುಚ್ಚಿಯೇ ಕರಿಮಣಿಯ ಕೈಗೆ ಮೈಕ್ ಕೊಟ್ಟಳು. "ಈ ಬಣ್ಣಗಳು ನಮ್ಮ ಜೊತೆ ಏನು ಮಾತಾಡ್ತಿವೆ? ನೀವೇ ಹೇಳಿ."

ಕರಿಮಣಿ ಅತ್ತಿಗೆಯನ್ನು ಹತ್ತಿರ ಕರೆದು, ಅವಳ ಕೊರಳ ಮೇಲೆ ಒಂದೊಂದೇ ಸುತ್ತನ್ನು ಬೆರಳಿಟ್ಟು ತೋರಿಸಿದಳು. ದನಿ ಏರಿಸಲಿಲ್ಲ.

"ಕೆಂಪು ನಮ್ಮಮ್ಮ. ಮುಖ ನೆನಪಿಲ್ಲ. ಬಿಳಿ ನಮ್ಮಪ್ಪ, ನನ್ನ ತಂದು ಇಲ್ಲಿ ಇಳಿಸಿ ಹೋದವರು. ಕಪ್ಪು ನಾನು. ಈ ಕಂದು ನಮ್ಮಣ್ಣ. ಅಲ್ಲಿ ಕೂತಿದಾರೆ ನೋಡಿ. ಶಾಲೇಲಿ ನನ್ನ ಯಾರು ಅಂತ ಕೇಳಿದ್ರೆ ಕೆಲಸದವಳ ಮಗಳು ಅಂತಿದ್ರು. ಈ ಹಳದಿ ನಮ್ಮ ದೊಡ್ಡಮ್ಮ. ಅಮ್ಮ ನನ್ನ ಸೊಂಟಕ್ಕೆ ಕಟ್ಟಿದ್ದ ಮಣೀನ ಕತ್ತರಿ ತಗೊಂಡು ಕತ್ತರಿಸಿದವರು. ನನ್ನ ಹತ್ರ ಅಮ್ಮಂದು ಅಂತ ಇದ್ದಿದ್ದು ಅದೊಂದೇ. ಈ ಕೊನೇದು ಅತ್ತಿಗೆ. ಇದು ಪ್ಲಾಸ್ಟಿಕ್."

ಈಗ ಯಾರಾದರೂ ಎದ್ದು ಹೋಗುತ್ತಾರೆ, ಅತ್ತಿಗೆ ಪಟ್ಟಿ ಕಿತ್ತು ಎಸೆಯುತ್ತಾಳೆ, ಅಣ್ಣ ಕೂಗಾಡುತ್ತಾನೆ ಎಂದು ಕರಿಮಣಿ ಕಾದಳು.

ಮೊದಲು ಚಪ್ಪಾಳೆ ತಟ್ಟಿದವಳು ಅತ್ತಿಗೆಯೇ. ಆಮೇಲೆ ಇಡೀ ಗ್ಯಾಲರಿ. ಮೇಡಂ ಕಣ್ಣು ತೆರೆದಳು, ತುಂಬಿದ್ದವು. ಅತ್ತಿಗೆ ಕರಿಮಣಿಯನ್ನು ತಬ್ಬಿ, ಮೈಕಿಗೆ ಕೇಳುವಷ್ಟು ಹತ್ತಿರ ನಿಂತು, "ನಮ್ಮ ಕುಟುಂಬದ ಗಾಯಗಳನ್ನ ನಾವು ಮುಚ್ಚಿಡಲ್ಲ" ಎಂದಳು. ಪ್ಲಾಸ್ಟಿಕ್ ಎಂದದ್ದನ್ನು ತಮಾಷೆಯೆಂದು ತಿಳಿದು ಒಬ್ಬ ಹೆಂಗಸು ಓಡಿಬಂದು, "ನನ್ನ ಅತ್ತೆಗೂ ಒಂದು ಪ್ಲಾಸ್ಟಿಕ್ ಸುತ್ತು ಹಾಕಿಸ್ಬೇಕು ಕಣ್ರೀ" ಎಂದು ಆರ್ಡರ್ ಕೊಟ್ಟಳು. ಅಣ್ಣನ ಕೈ ಕುಲುಕಲು ಸಾಲು ನಿಂತಿತು. ಎಂಥ ಧೈರ್ಯವಂತ ಕುಟುಂಬ ಎಂದರು. ಅವನು ಪೆದ್ದನಂತೆ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದ. ಪಟ್ಟಿಯನ್ನು ಮೇಡಂ ತಾನೇ ಕೊಂಡುಕೊಂಡಳು, ಅತ್ತಿಗೆಯ ಕೊರಳಲ್ಲಿದ್ದಾಗಲೇ.

ಕರಿಮಣಿ ಗೋಡೆಗೊರಗಿ ನಿಂತು ನೋಡಿದಳು. ಹೊಡೆದರೆ ನೋಯದವರಿಗೆ ಹೊಡೆಯುವುದು ಹೇಗೆ? ಇವರಿಗೆ ಉಗಿದರೂ ಪನ್ನೀರು ಚಿಮುಕಿಸಿದರು ಎಂದು ಮುಖ ಒರೆಸಿಕೊಳ್ಳುತ್ತಾರೆ. ಅವಳು ದೊಡ್ಡಮ್ಮನ ಕಡೆ ನೋಡಿದಳು. ಕುರ್ಚಿ ಖಾಲಿಯಿತ್ತು.

ಆ ಭಾನುವಾರ ಮೆಟ್ಟಿಲ ಮೇಲೆ ಊರುಗೋಲಿನ ಸದ್ದು ಕೇಳಿತು. ಕುಟ್ಟುವುದು, ನಿಲ್ಲುವುದು, ಬೈಯುವುದು, ಮತ್ತೆ ಕುಟ್ಟುವುದು. ಕರಿಮಣಿ ಬಾಗಿಲು ತೆಗೆದಾಗ ದೊಡ್ಡಮ್ಮ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು.

"ಈ ಮೆಟ್ಟಿಲು ಯಾರಿಗೆ ಕಟ್ಟಿದ್ದು, ಆಡುಗಳಿಗಾ?"

ಒಳಗೆ ಬಂದು, ಕುರ್ಚಿಯ ಮೇಲಿನ ಗಾಜಿನ ಪುಡಿಯನ್ನು ಊರುಗೋಲಿನಿಂದಲೇ ತಳ್ಳಿ ಕೂತಳು. ಕೋಣೆಯನ್ನು ಸುತ್ತ ನೋಡಿದಳು. ಕುಲುಮೆ, ಜರಡಿ, ಬಣ್ಣ ಬಣ್ಣದ ಡಬ್ಬಿಗಳು. ಮೂಗು ಮುರಿದಳು. ನೀರು ಕೇಳಿ, ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು ಶುಚಿಯಾಗಿದೆಯೇ ಎಂದು ನೋಡಿ ಕೆಳಗಿಟ್ಟಳು.

"ಆ ಹಳದಿ ನನ್ನದಲ್ಲ" ಎಂದಳು.

"ಕತ್ತರಿಸಿಲ್ಲ ಅಂತೀರಾ?"

"ಕತ್ತರಿಸಿದೆ. ಆದ್ರೆ ನೀನು ಹೇಳಿದ ಹಾಗಲ್ಲ. ಬೆಳೀತಾ ಇದ್ದೆ ನೀನು. ಬಕಾಸುರನ ಹಾಗೆ ತಿಂತಿದ್ದೆ, ಬೆಳೀತಿದ್ದೆ. ಆ ದಾರ ಬೆಳೀಬೇಕಲ್ಲ? ನಿಮ್ಮಪ್ಪ ಹೋಗೋವಾಗ, ಅದನ್ನ ಮುಟ್ಟಬೇಡ, ಅವಳಮ್ಮ ಕಟ್ಟಿದ್ದು ಅಂದಿದ್ದ. ಮುಟ್ಟಲಿಲ್ಲ. ಅವಳು ಹಾಕಿದ ಗಂಟು ನನಗ್ಯಾಕೆ? ನಿನಗೆ ನಾನು ಮೈ ತೊಳೀತಾನೂ ಇರಲಿಲ್ಲ, ನೀನೇ ನೀರು ಸುರ್ಕೋತಿದ್ದೆ. ಒಂದಿನ ಜ್ವರ ಬಂತು. ಬಟ್ಟೆ ಬಿಚ್ಚಿ ನೋಡ್ತೀನಿ, ದಾರ ಚರ್ಮದೊಳಗೆ ಇಳಿದುಬಿಟ್ಟಿದೆ. ಕೀವು. ಕತ್ತರಿಸದೆ ಪೂಜೆ ಮಾಡಬೇಕಿತ್ತಾ?"

"ನೀವು ಬೈತಿದ್ರಿ. ನನಗೆ ಚೆನ್ನಾಗಿ ನೆನಪಿದೆ."

"ಬೈತಾನೇ ಕತ್ತರಿಸಿದೆ. ಬೈಯದೆ ನಾನು ಯಾವ ಕೆಲಸ ಮಾಡಿದೀನಿ ಹೇಳು?"

"ಮಣಿ ಎಲ್ಲ ಚೆಲ್ಲಿದ್ರಿ."

"ದಾರ ಕತ್ತರಿಸಿದ್ರೆ ಮಣಿ ಚೆಲ್ಲದೆ ಸಾಲಾಗಿ ನಿಂತ್ಕೋತವಾ? ನೀನೇ ಮಣಿ ಮಾಡೋಳು, ಅಷ್ಟೂ ಗೊತ್ತಿಲ್ವಾ? ಬೆನ್ನ ಕೆಳಗೆ ಮುಟ್ಟಿ ನೋಡ್ಕೋ, ಎಡಗಡೆ. ಗೀರು ಇರಬೇಕು. ಮುಲಾಮು ಹಚ್ಚಿ ಹಚ್ಚಿ ನನಗೆ ಸಾಕಾಗಿಹೋಗಿತ್ತು."

ಕರಿಮಣಿ ಮುಟ್ಟಿ ನೋಡಿಕೊಳ್ಳಲಿಲ್ಲ. ನೋಡಿಕೊಳ್ಳುವ ಅಗತ್ಯವಿರಲಿಲ್ಲ. ಆ ಗೀರನ್ನು ಅವಳು ಹುಟ್ಟುಗುರುತು ಎಂದುಕೊಂಡಿದ್ದಳು. ಸೊಂಟದ ಮಣಿಯನ್ನು ಮಗು ಬೆಳೆದ ಹಾಗೆ ಬಿಚ್ಚಿ, ಉದ್ದ ಮಾಡಿ, ಮತ್ತೆ ಪೋಣಿಸಬೇಕು ಎಂದು ಪುಸ್ತಕದಲ್ಲಿ ಓದಿ, ಲ್ಯಾಬಿನವರಿಗೆ ಅವಳೇ ಎಷ್ಟು ಸಲ ವಿವರಿಸಿದ್ದಳು! ಹಾಗೆ ಹೇಳುವಾಗ ಒಮ್ಮೆಯೂ ತನ್ನ ಸೊಂಟದ ದಾರವನ್ನು ಯಾರು ಉದ್ದ ಮಾಡಿದರು ಎಂದು ಯೋಚಿಸಿರಲಿಲ್ಲ. ಇಷ್ಟು ವರ್ಷ ಅಷ್ಟು ಜೋಪಾನವಾಗಿ ಇಟ್ಟುಕೊಂಡ ದ್ವೇಷ ಕೈಯಿಂದ ಜಾರುತ್ತಿರುವಾಗ ಅವಳಿಗೆ ಸಮಾಧಾನವಾಗಲಿಲ್ಲ. ಯಾರೋ ಜೇಬಿಗೆ ಕೈಹಾಕಿದಂತೆ ಸಿಟ್ಟು ಬಂತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಕೇಳಿದ್ಯಾ ನೀನು? ನಿನ್ನ ಮನಸಲ್ಲಿ ಏನಿದೆ ಅಂತ ನನಗೆ ಕನಸು ಬೀಳುತ್ತಾ?" ದೊಡ್ಡಮ್ಮ ಊರುಗೋಲಿನಿಂದ ನೆಲ ಕುಟ್ಟಿದಳು. "ನೋಡು. ನಿನ್ನ ತಟ್ಟೆ ಬೇರೆ ಇಟ್ಟಿದ್ದು ನಾನೇ. ಫೋಟೋ ತೆಗೆಸೋವಾಗ ನಿನ್ನ ಒಳಗೆ ಕಳಿಸಿದ್ದು ನಾನೇ. ಗಂಡ ಅನ್ನೋನು ಇನ್ನೊಬ್ಬಳ ಮಗೂನ ಕೈ ಹಿಡ್ಕೊಂಡು ಬಂದು ಬಾಗಿಲಲ್ಲಿ ನಿಂತಾಗ ನಾನೇನು ಹಾಡು ಹೇಳಬೇಕಿತ್ತಾ? ಮಾಡಿದೀನಿ. ಅದನ್ನೆಲ್ಲ ಹೇಳು. ಮೈಕ್ ಹಿಡ್ಕೊಂಡು ಹೇಳು, ಬೇಡ ಅನ್ನಲ್ಲ. ಮಾಡದೇ ಇದ್ದಿದ್ದನ್ನ ಮಾತ್ರ ನನ್ನ ತಲೆಗೆ ಕಟ್ಟಬೇಡ."

"ತಟ್ಟೆದು ನೆನಪಿತ್ತು. ಅದಕ್ಕೊಂದು ಸುತ್ತು ಹಾಕಬಹುದಿತ್ತು."

"ಹಾಕು. ಆದ್ರೆ ಆ ದರಿದ್ರ ಹಳದಿ ಬೇಡ. ಹಳದಿ ನನಗೆ ಯಾವತ್ತೂ ಒಪ್ಪಲ್ಲ."

ಇಳಿಯುವಾಗ ಕರಿಮಣಿ ಅವಳ ತೋಳು ಹಿಡಿಯಲು ಹೋದಳು. ದೊಡ್ಡಮ್ಮ ಕೊಡವಿಕೊಂಡು, ಕಂಬಿ ಹಿಡಿದೇ ಇಳಿದಳು.

ಗ್ಯಾಲರಿ ಮೇಡಂ ಮನೆಗೆ ಹೋಗಲು ಕರಿಮಣಿ ಲ್ಯಾಬಿಗೆ ರಜೆ ಹಾಕಿದಳು. ಸುಳ್ಳನ್ನು ಸಹಿಸುವುದು ಅವಳಿಂದ ಆಗುತ್ತಿರಲಿಲ್ಲ. ಅದೂ ತನ್ನ ಕೈಯಿಂದಲೇ ಪೋಣಿಸಿದ ಸುಳ್ಳು. ಮನೆಯ ಒಳಗೆಲ್ಲ ಬಿಳಿ. ಕೂತರೆ ಕಲೆಯಾಗುವಂಥ ಸೋಫಾ. ಪಟ್ಟಿಯನ್ನು ಮರದ ಕೊರಳೊಂದಕ್ಕೆ ಹಾಕಿ, ಮೇಲಿನಿಂದ ದೀಪ ಬಿಟ್ಟಿದ್ದರು.

"ಮೇಡಂ, ಇದರಲ್ಲಿ ಒಂದು ತಪ್ಪಿದೆ" ಎಂದಳು ಕರಿಮಣಿ. ನಡೆದದ್ದನ್ನು ಹೇಳಿದಳು. "ಹಳದಿ ತೆಗೆದು ಬೇರೆ ಹಾಕ್ಕೊಡ್ತೀನಿ. ಒಂದು ವಾರ ಸಾಕು."

ಮೇಡಂ ಕಣ್ಣು ಮುಚ್ಚಿ ಕೇಳಿ, ಕಣ್ಣು ಮುಚ್ಚಿಯೇ ತಲೆಯಾಡಿಸಿದಳು. "ಇಲ್ಲ, ಇಲ್ಲ. ಬಂದವರಿಗೆಲ್ಲ ನಾನು ಮೊದಲು ತೋರಿಸೋದೇ ಆ ಹಳದಿ. ಕತ್ತರಿ ಅಂದ ತಕ್ಷಣ ಜನ ಎದೆ ಹಿಡ್ಕೋತಾರೆ."

"ಅದು ಹಾಗೆ ನಡೆದೇ ಇಲ್ಲ ಮೇಡಂ. ಅವರು ನನ್ನ ಜೀವ ಉಳಿಸಿದ್ದು."

"ನಡೆದದ್ದಕ್ಕಿಂತ ನಿಮಗೆ ಅನ್ನಿಸಿದ್ದು ದೊಡ್ಡದು. ನಿಮ್ಮ ಬೇರುಗಳ ನೋವು..."

"ಬೇರಲ್ಲ ಮೇಡಂ, ಕೀವು."

ಮೇಡಂ ಮುಖ ಕಿವುಚಿದಳು. ನೋವು ಎಂದರೆ ಅವಳಿಗೆ ಇಷ್ಟ, ಕೀವು ಎಂದರೆ ಆಗುತ್ತಿರಲಿಲ್ಲ. "ನೋಡಿ, ನಾನು ಇದನ್ನ ಹೇಗಿತ್ತೋ ಹಾಗೇ ತಗೊಂಡಿದೀನಿ. ಈಗ ನೀವು ಬದಲಾಯಿಸೋ ಹಾಗಿಲ್ಲ. ಕಲಾಕೃತಿ ಒಂದು ಸಲ ಹೊರಗೆ ಬಂದ ಮೇಲೆ ಕಲಾವಿದರದ್ದಲ್ಲ" ಎಂದು ಶುರುಮಾಡಿ, ಆ ವಿಷಯದ ಮೇಲೆ ಎಲ್ಲೋ ಮಾಡಿದ್ದ ಭಾಷಣವನ್ನೇ ಮತ್ತೆ ಮಾಡತೊಡಗಿದಳು.

"ನೀವು ಮಾತಾಡ್ತಾ ಇರಿ" ಎಂದು ಕರಿಮಣಿ ಎದ್ದಳು. ಚೀಲದಿಂದ ತಂತಿ ಕತ್ತರಿಸುವ ಇಕ್ಕಳ ತೆಗೆದಳು. ಹಿಂಬದಿಯ ಕೊಂಡಿಯಲ್ಲಿ ಹಳದಿ ಸುತ್ತಿನ ತಂತಿಯನ್ನು ಕತ್ತರಿಸಿ, ತೊಗಲಿನ ಪಟ್ಟಿಗಳಿಂದ ಅದನ್ನು ಹುಷಾರಾಗಿ ಎಳೆದಳು, ಅಚ್ಚಿನಿಂದ ಹಲ್ಲು ಬಿಡಿಸುವ ಹಾಗೆ. ಒಂದು ಮಣಿಯೂ ಬೀಳಲಿಲ್ಲ. ಮೇಡಂ "ಅಯ್ಯಯ್ಯೋ" ಎಂದು ಎದ್ದಳು. ಹತ್ತಿರ ಬಂದಳು, ಆದರೆ ಇಕ್ಕಳ ನೋಡಿ ನಿಂತಳು. ಜಗ್ಗಾಡಿದರೆ ಉಳಿದದ್ದೂ ಹೋಗಬಹುದು ಎನ್ನುವ ಲೆಕ್ಕ ಅವಳ ಮುಖದಲ್ಲಿ ಓಡುವುದು ಕಾಣುತ್ತಿತ್ತು.

"ಇದು ದರೋಡೆ!"

"ನನ್ನ ಸುಳ್ಳು, ನಾನು ತಗೊಂಡು ಹೋಗ್ತಿದೀನಿ. ಉಳಿದದ್ದೆಲ್ಲ ನಿಜ. ಪ್ಲಾಸ್ಟಿಕ್ ಕೂಡ."

ಹಳದಿ ಸುತ್ತನ್ನು ಚೀಲಕ್ಕೆ ಹಾಕಿಕೊಂಡು ಅವಳು ಹೊರಟಳು. ಬಾಗಿಲು ಕಾಯುವವನು ಬಂದವರಿಗೆಲ್ಲ ಹೊಡೆಯುವಂತೆ ಸೆಲ್ಯೂಟ್ ಹೊಡೆದ.

ಅತ್ತಿಗೆಯ ಫೋನು ಅವಳು ಬಸ್ಸಿನಲ್ಲಿರುವಾಗಲೇ ಬಂತು. 'ಮರಿ' ಮಾಯವಾಗಿತ್ತು. "ಏ ಕರಿಮಣಿ, ಹುಚ್ಚು ಹಿಡಿದಿದೆಯಾ ನಿನಗೆ? ನನ್ನ ಮರ್ಯಾದೆ ಏನಾಯ್ತು? ಉಂಡ ಮನೆಗೆ ಹೀಗಾ ಮಾಡೋದು?" ಉಂಡದ್ದು ಬೇರೆ ತಟ್ಟೆಯಲ್ಲಿ ಎನ್ನುವುದು ಬಾಯಿಗೆ ಬಂತು, ಆದರೆ ಅತ್ತಿಗೆಗೆ ಹೇಳಿದರೆ ಅದಕ್ಕೂ ಒಂದು ಕಾರ್ಡು ಅಚ್ಚು ಹಾಕಿಸುತ್ತಾಳೆ. ಕರಿಮಣಿ ಫೋನು ಇಟ್ಟಳು. ಫೋನಿನಲ್ಲಿ ಅತ್ತಿಗೆಯ ಹಿಂದಿನಿಂದ ಅಣ್ಣನ ದನಿಯೂ ಕೇಳಿತ್ತು: "ಹೋಗ್ಲಿ ಬಿಡೇ." ಅವನು ಅವಳ ಪರವಾಗಿ ಜೀವನದಲ್ಲಿ ಆಡಿದ ದೊಡ್ಡ ಮಾತು ಅದೇ ಇರಬೇಕು.

ಕೆಲವು ವಾರ ಸುದ್ದಿಯಿರಲಿಲ್ಲ. ಆಮೇಲೆ ಅತ್ತಿಗೆ ಮತ್ತೆ ಫೋನು ಮಾಡಿದಳು. ದನಿಯಲ್ಲಿ ಜೇನು ಸುರಿಯುತ್ತಿತ್ತು. "ಮರಿ, ಮೇಡಂ ಏನು ಮಾಡಿದಾರೆ ಗೊತ್ತಾ? ಪಟ್ಟೀನ ಹಾಗೇ ಇಟ್ಟಿದಾರೆ, ನಡುವೆ ಖಾಲಿ ಇರೋ ಹಾಗೇ! ಅದಕ್ಕೆ 'ಮೌನದ ಸುತ್ತು' ಅಂತ ಹೆಸರಿಟ್ಟಿದಾರೆ. ನೀನು ಅವರ ಮನೆಗೇ ಹೋಗಿ, ಕಣ್ಣೀರು ಹಾಕ್ತಾ, ದೊಡ್ಡಮ್ಮನ್ನ ಕ್ಷಮಿಸಿದೀನಿ ಅಂತ ಹೇಳಿ ಕತ್ತರಿಸಿದ್ಯಂತೆ. ಜನ ಹುಚ್ಚಾಗಿದಾರೆ. ಖಾಲಿ ಸುತ್ತಿರೋ ಪಟ್ಟಿಗೆ ಎಷ್ಟು ಆರ್ಡರ್ ಬಂದಿದೆ ಅಂತೀಯಾ..."

"ನಾನು ಅಳಲಿಲ್ಲ ಅತ್ತಿಗೆ."

"ಅಯ್ಯೋ, ಅತ್ರೇನಂತೆ ಬಿಡು!"

"ಖಾಲಿ ಜಾಗಕ್ಕೆ ನಾನ್ಯಾಕೆ ಬೇಕು? ನೀವೇ ಮಾಡ್ಕೊಳ್ಳಿ. ಖಾಲಿ ಮಾಡೋದ್ರಲ್ಲಿ ನಿಮ್ಮಷ್ಟು ಅನುಭವ ನನಗಿಲ್ಲ" ಎಂದಳು ಕರಿಮಣಿ. ಅತ್ತಿಗೆ ಅದಕ್ಕೂ ನಕ್ಕಳು.

ಆ ಭಾನುವಾರ ಅವಳು ಯಾರೂ ಕರೆಯದೆಯೇ ಆ ಮನೆಗೆ ಹೋದಳು. ಅಣ್ಣ ಅತ್ತಿಗೆ ಅಂಗಡಿಯಲ್ಲಿದ್ದರು. ದೊಡ್ಡಮ್ಮ ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದಳು. ಬಾ ಎನ್ನಲಿಲ್ಲ, ಕಾಲಿನಿಂದ ಒಂದು ಸ್ಟೂಲನ್ನು ಇವಳ ಕಡೆ ತಳ್ಳಿದಳು. ಕರಿಮಣಿ ಕೂತು, ಬುಟ್ಟಿಯಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡು, ನಡೆದದ್ದನ್ನೆಲ್ಲ ಹೇಳಿದಳು. ಮೇಡಂನ ಹಾಗೆ ಕಣ್ಣು ಮುಚ್ಚಿ "ಮೌನದ ಸುತ್ತು" ಎಂದು ತೋರಿಸಿದಳು.

ದೊಡ್ಡಮ್ಮನ ಕೈ ನಿಂತಿತು. "ಏನೂ ಇಲ್ಲದ ಜಾಗ ನೋಡೋಕೆ ಜನ ಹೋಗ್ತಾರಾ?"

"ಕ್ಯೂ ನಿಲ್ತಾರಂತೆ."

"ಅಯ್ಯೋ ಮುಂಡೇವಾ!" ಎಂದು ದೊಡ್ಡಮ್ಮ ನಗಲು ಶುರುಮಾಡಿದಳು. ನಗುತ್ತಾ ಕೆಮ್ಮು ಬಂತು, ಕೆಮ್ಮುತ್ತಾ ಮತ್ತೆ ನಗು. ಬಟಾಣಿಗಳು ಮಡಿಲಿನಿಂದ ಜಾರಿದವು. "ನನ್ನ ಸೊಸೆಯ ತಲೇನೂ ಒಂದು ಸ್ಟ್ಯಾಂಡ್ ಮೇಲಿಟ್ಟು ದೀಪ ಹಾಕಿ ಅಂತ ಹೇಳಬೇಕಿತ್ತು ಅವರಿಗೆ. ಅದಕ್ಕಿಂತ ಖಾಲಿ ಎಲ್ಲಿ ಸಿಗುತ್ತೆ?"

ಕರಿಮಣಿಗೂ ನಗು ತಡೆಯಲಾಗಲಿಲ್ಲ. ಅದೇ ಮನೆಯಲ್ಲಿ ಬೆಳೆದಿದ್ದರೂ ತಾವಿಬ್ಬರೂ ಒಂದೇ ಮಾತಿಗೆ ಒಟ್ಟಿಗೆ ನಕ್ಕದ್ದು ಅವಳಿಗೆ ನೆನಪಿರಲಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಅತ್ತಿಗೆಯನ್ನು, ಅಣ್ಣನನ್ನು, ಮೇಡಂ ಕಣ್ಣನ್ನು, ತೀರಿಹೋದ ಅಪ್ಪನ ನಗುವನ್ನು ಒಂದೊಂದಾಗಿ ಸುಲಿದು ಹಾಕಿದರು. ದೊಡ್ಡಮ್ಮನ ನಾಲಿಗೆ ತನ್ನದಕ್ಕಿಂತ ಹರಿತ ಎಂದು ಕರಿಮಣಿಗೆ ಆವತ್ತು ಗೊತ್ತಾಯಿತು. ಅಪ್ಪನ ಬಗ್ಗೆ ಅವಳು ಆಡಿದ ಕೆಲವು ಮಾತುಗಳನ್ನು ಕೇಳಿ, ಅಷ್ಟು ಬೈಗುಳ ತನಗೆ ಹೊಳೆದಿರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಹೊರಡಲು ಎದ್ದಾಗ ದೊಡ್ಡಮ್ಮ, "ಮುಂದಿನ ವಾರ ಬರ್ತೀಯಾ?" ಎಂದಳು, ಬಟಾಣಿಯನ್ನು ನೋಡುತ್ತಾ.

"ನೋಡ್ತೀನಿ."

"ನೋಡೋದೇನು? ಬಾ. ಇವರಿಬ್ಬರ ಮುಖ ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಬರೋವಾಗ ಈ ಬಟ್ಟೆ ಹಾಕ್ಕೊಂಡು ಬರಬೇಡ, ದೀಪದ ಕಂಬದ ಹಾಗೆ ಕಾಣ್ತೀಯ."

ಕರಿಮಣಿ ಮುಂದಿನ ಭಾನುವಾರ ಅದೇ ಬಟ್ಟೆ ಹಾಕಿಕೊಂಡು ಹೋದಳು.